ಅಟ್ಟದ ಟ್ರಂಕಿನಿಂದ ಮೋಡದವರೆಗೆ: ನಮ್ಮ ಫೋಟೋಗಳನ್ನು ಉಳಿಸಿಕೊಳ್ಳುವ ಕಥೆ

ಬ್ರಿಡ್ಜ್‌ವಾಟರ್ ಸುತ್ತಮುತ್ತಲಿನ ಕನ್ನಡ ಮನೆಗಳಲ್ಲಿ ಎರಡು ಮೂರು ಸಂಸಾರ ಊಟಕ್ಕೆ ಸೇರಿದರೆ ಒಂದಲ್ಲ ಒಂದು ಸಲ ಈ ಮಾತು ಬಂದೇ ಬರುತ್ತೆ. ಮಗನ ಉಪನಯನದ ಫೋಟೋ, ಬಾಲಾಜಿ ದೇವಸ್ಥಾನದಲ್ಲಿ ಮಾಡಿದ ನಾಮಕರಣದ ವಿಡಿಯೋ, ಊರಲ್ಲಿ ತೀರಿಕೊಂಡ ಅಜ್ಜಿಯ ಕೊನೆಯ ಚಿತ್ರ, ಇವೆಲ್ಲ ಈಗ ಎಲ್ಲಿವೆ? "ಏನ್ರೀ, ಆ ಹಾರ್ಡ್ ಡಿಸ್ಕ್ ಎಲ್ಲಿಟ್ಟಿದ್ದೀರಿ?" ಅಂತ ಮನೆಯಾಕೆ ಕೇಳಿದರೆ, "ಎಲ್ಲಾ ಕ್ಲೌಡ್‌ನಲ್ಲಿದೆ ಬಿಡು" ಅಂತ ಯಜಮಾನರ ಉತ್ತರ. ಪಕ್ಕದಲ್ಲಿ ಕೂತವರು ಸುಮ್ಮನಿರ್ತಾರಾ? "ಕ್ಲೌಡ್ ನಂಬಬೇಡಿ ಸಾರ್, ನಮ್ಮ ಕೈಲಿದ್ದರೇನೇ ನಮ್ಮದು" ಅಂತ ಒಬ್ಬರು, "ಡಿಸ್ಕ್ ಕೆಟ್ಟು ಹೋದರೆ ಏನ್ಮಾಡ್ತೀರಿ?" ಅಂತ ಇನ್ನೊಬ್ಬರು. ಪಾಯಸ ಬರೋವರೆಗೂ ವಾದ ಮುಗಿಯೋದಿಲ್ಲ.

ಈ ವಾದ ಕಂಪ್ಯೂಟರ್ ಕಾಲದ್ದು ಅಂತ ನಾವು ಅಂದುಕೊಂಡಿದ್ದೇವೆ. ನಿಜವಾಗಿ ಇದು ಸಾವಿರ ವರ್ಷ ಹಳೆಯದು. ಅದರ ಕೆಲವು ಮುಖ್ಯ ಅಧ್ಯಾಯಗಳು ಕರ್ನಾಟಕದಲ್ಲಿ ನಡೆದಿವೆ. ಇನ್ನು ಕೆಲವು ನಾವೀಗ ಮನೆ ಮಾಡಿಕೊಂಡಿರುವ ನ್ಯೂಜೆರ್ಸಿ, ನ್ಯೂಯಾರ್ಕ್ ಸೀಮೆಯಲ್ಲೇ ನಡೆದಿವೆ. ಆ ಕಥೆ ಗೊತ್ತಿದ್ದರೆ ಡಿಸ್ಕೋ ಕ್ಲೌಡೋ ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋದು ಸುಲಭ.

ಅತ್ತಿಮಬ್ಬೆಯ ಸಾವಿರ ಪ್ರತಿ, ಮೂಡಬಿದಿರೆಯ ಒಂದು ಪ್ರತಿ

ಅಚ್ಚುಯಂತ್ರ ಇಲ್ಲದ ಕಾಲದಲ್ಲಿ ಒಂದು ಕೃತಿ ಉಳಿಯಬೇಕಾದರೆ ಅದನ್ನು ಯಾರಾದರೂ ಓಲೆಗರಿಯ ಮೇಲೆ ಮತ್ತೆ ಮತ್ತೆ ಬರೆಯಬೇಕಿತ್ತು. ಗರಿಗೆ ಹುಳ ಹಿಡಿಯುತ್ತೆ, ಮಳೆಗಾಲದ ತೇವ ತಾಗುತ್ತೆ, ಬೆಂಕಿ ಬಿದ್ದರಂತೂ ಕ್ಷಣದಲ್ಲಿ ಬೂದಿ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಇದಕ್ಕೆ ಕಂಡುಕೊಂಡ ಪರಿಹಾರ ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ರನ್ನನಿಗೆ ಆಶ್ರಯ ಕೊಟ್ಟ, ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಹೆಣ್ಣುಮಗಳು ಈಕೆ. ಶಾಲೆಯಲ್ಲಿ ಇದನ್ನು ದಾನದ ಕಥೆಯಾಗಿ ಓದಿದ್ದೇವೆ. ಇದು ಕಾಪಾಡುವ ಉಪಾಯದ ಕಥೆಯೂ ಹೌದು. ಸಾವಿರ ಪ್ರತಿ ಸಾವಿರ ಕಡೆ ಇದ್ದರೆ ಒಂದೇ ಪ್ರವಾಹ, ಒಂದೇ ದಾಳಿ, ಒಂದೇ ಹುಳ ಎಲ್ಲವನ್ನೂ ತಿನ್ನಲಾಗದು.

ಇದಕ್ಕೆ ಎದುರಾದ ಉದಾಹರಣೆ ಮೂಡಬಿದಿರೆಯದು. ಒಂಬತ್ತನೇ ಶತಮಾನದಲ್ಲಿ ವೀರಸೇನ, ಜಿನಸೇನರು ಬರೆದ ಧವಲ, ಜಯಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳು ಹಳೆಗನ್ನಡ ಲಿಪಿಯ ಓಲೆಗರಿಗಳಲ್ಲಿ ಅಲ್ಲಿನ ಬಸದಿಯೊಂದರಲ್ಲಿ ಮಾತ್ರ ಉಳಿದಿದ್ದವು. ಶತಮಾನಗಟ್ಟಲೆ ಅವುಗಳಿಗೆ ದರ್ಶನ, ಪೂಜೆ ನಡೆಯುತ್ತಿತ್ತು. ಓದು ನಡೆಯುತ್ತಿರಲಿಲ್ಲ. ಕಾಪಾಡಿದವರ ಶ್ರದ್ಧೆಗೆ ಕೈಮುಗಿಯಬೇಕು, ಅವರಿಲ್ಲದಿದ್ದರೆ ಗ್ರಂಥವೇ ಇರುತ್ತಿರಲಿಲ್ಲ. ಆದರೂ ಆ ಬಸದಿಗೆ ಒಂದು ಸಲ ಬೆಂಕಿ ತಗುಲಿದ್ದರೆ ಸಾವಿರ ವರ್ಷದ ವಿದ್ಯೆ ಅಲ್ಲಿಗೆ ಮುಗಿಯುತ್ತಿತ್ತು. 19ನೇ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಶುರುವಾಗಿ, 1939ರಲ್ಲಿ ಧವಲದ ಮೊದಲ ಸಂಪುಟ ಅಚ್ಚಾಗಿ ಹೊರಬಂದ ಮೇಲೆ ಆ ಭಯ ಹೋಯಿತು.

ಒಂದು ಕಡೆ ಭದ್ರವಾಗಿ ಮುಚ್ಚಿಡುವುದು, ಇಲ್ಲವೇ ಪ್ರತಿ ಮಾಡಿ ಹಲವು ಕಡೆ ಹಂಚುವುದು. ಇವತ್ತಿನ ಡಿಸ್ಕ್–ಕ್ಲೌಡ್ ಜಗಳ ಇದೇ ಎರಡು ದಾರಿಗಳ ನಡುವಿನದು.

ನೂವರ್ಕ್‌ನ ಫಿಲಂ, ಲಿಟಲ್ ಫೆರಿಯ ಬೆಂಕಿ

ಈಗ ನಮ್ಮ ನ್ಯೂಜೆರ್ಸಿಗೆ ಬರೋಣ. ಸುರುಳಿ ಸುತ್ತಬಹುದಾದ ಫೋಟೋ ಫಿಲಂಗೆ 1887ರಲ್ಲಿ ಪೇಟೆಂಟ್ ಅರ್ಜಿ ಹಾಕಿದವರು ನೂವರ್ಕ್‌ನ ಒಬ್ಬ ಪಾದ್ರಿ, ಹ್ಯಾನಿಬಲ್ ಗುಡ್‌ವಿನ್. ಗಾಜಿನ ತಟ್ಟೆಯ ಬದಲು ಸೆಲ್ಯುಲಾಯ್ಡ್ ಹಾಳೆಯ ಮೇಲೆ ಚಿತ್ರ ಮೂಡಿಸುವ ಈ ವಿದ್ಯೆಯಿಂದಲೇ ಸಿನಿಮಾ ಸಾಧ್ಯವಾದದ್ದು. ಆದರೆ ಆ ಕಾಲದ ನೈಟ್ರೇಟ್ ಫಿಲಂಗೆ ಒಂದು ಶಾಪವಿತ್ತು. ಅದು ಸುಲಭವಾಗಿ ಹೊತ್ತಿಕೊಳ್ಳುತ್ತೆ, ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಬಿಡುತ್ತೆ, ನೀರಿನಲ್ಲಿ ಮುಳುಗಿಸಿದರೂ ಆರೋದಿಲ್ಲ.

1937ರ ಜುಲೈ 9. ಬರ್ಗನ್ ಕೌಂಟಿಯ ಲಿಟಲ್ ಫೆರಿಯಲ್ಲಿ ಫಾಕ್ಸ್ ಸಿನಿಮಾ ಕಂಪನಿಯ ಫಿಲಂ ಉಗ್ರಾಣ ಇತ್ತು. ಬೆಂಕಿ ತಗುಲದ ಕಟ್ಟಡ ಅಂತಲೇ ಹೆಸರು. ಬಿಸಿಲಿನ ಧಗೆಯಲ್ಲಿ, ಗಾಳಿಯಾಡದ ಕೋಣೆಯಲ್ಲಿ ಹಳೆಯ ಫಿಲಂ ತಾನಾಗಿಯೇ ಹೊತ್ತಿಕೊಂಡಿತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹಬ್ಬಿ ಬೆಳಗಾಗುವುದರೊಳಗೆ ಎಲ್ಲ ಮುಗಿಯಿತು. ಅಕ್ಕಪಕ್ಕದ ಮನೆಗಳಿಗೂ ಜ್ವಾಲೆ ನುಗ್ಗಿ ಒಬ್ಬ ಹುಡುಗ ತೀರಿಕೊಂಡ. ಫಾಕ್ಸ್ ಕಂಪನಿ ತೆಗೆದಿದ್ದ ಮೂಕಿ ಚಿತ್ರಗಳಲ್ಲಿ ಬಹುಪಾಲು ಅವತ್ತು ಜಗತ್ತಿನಿಂದಲೇ ಹೋದವು. ನೆಗೆಟಿವ್ ಮತ್ತು ಪ್ರಿಂಟ್ ಎರಡೂ ಒಂದೇ ಕಟ್ಟಡದಲ್ಲಿ ಇದ್ದದ್ದೇ ಕಾರಣ.

ನಮ್ಮ ಕನ್ನಡದ ನಷ್ಟವೂ ಕಮ್ಮಿಯಿಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರ ಅಭಿನಯ. ಇವತ್ತು ಆ ಸಿನಿಮಾದ ಒಂದು ಪ್ರಿಂಟ್ ಕೂಡ ಉಳಿದಿಲ್ಲ. ಒಂದು ಭಾಷೆಯ ಮೊದಲ ಮಾತಿನ ಚಿತ್ರವನ್ನು ಆ ಭಾಷೆಯವರು ಯಾರೂ ಇನ್ನು ನೋಡೋ ಹಾಗಿಲ್ಲ. ಬಿಡುಗಡೆಯಾದ ಹೊತ್ತಿನಲ್ಲಿ ಇದು ಮುಂದೊಂದು ದಿನ ಇತಿಹಾಸ ಆಗುತ್ತೆ ಅಂತ ಯಾರಿಗೂ ಅನ್ನಿಸಿರಲಾರದು. ನಮ್ಮ ಮನೆಯ ಫೋಟೋಗಳ ಬಗ್ಗೆ ನಮಗೂ ಹಾಗೆ ಅನ್ನಿಸೋದಿಲ್ಲ, ಅಲ್ವಾ?

ಮರ್ರೆ ಹಿಲ್‌ನ ಒಂದು ದಿನ

ಬ್ರಿಡ್ಜ್‌ವಾಟರ್‌ನಿಂದ 78ನೇ ಹೆದ್ದಾರಿ ಹಿಡಿದರೆ ಅರ್ಧ ಗಂಟೆಯೊಳಗೆ ಮರ್ರೆ ಹಿಲ್. ಅಲ್ಲಿನ ಬೆಲ್ ಲ್ಯಾಬ್ಸ್‌ನಲ್ಲಿ 1969ರ ಅಕ್ಟೋಬರ್ ತಿಂಗಳಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಗಂಟೆಯ ಚರ್ಚೆಯಲ್ಲಿ ಕಪ್ಪು ಹಲಗೆಯ ಮೇಲೆ ಸಿಸಿಡಿ ಎಂಬ ಸಾಧನದ ರೂಪುರೇಷೆ ಬರೆದರು. ಡಿಜಿಟಲ್ ಕ್ಯಾಮೆರಾದ ಕಣ್ಣು ಹುಟ್ಟಿದ್ದು ಹೀಗೆ. 2009ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಸ್ವಾರಸ್ಯ ಏನಪ್ಪಾ ಅಂದ್ರೆ, ಅವತ್ತು ಅವರು ಹುಡುಕುತ್ತಿದ್ದದ್ದು ಕಣ್ಣನ್ನಲ್ಲ. ಕಂಪ್ಯೂಟರ್‌ಗೆ ಹೊಸ ಬಗೆಯ ಮೆಮೊರಿ, ಅಂದ್ರೆ ಮಾಹಿತಿ ಕೂಡಿಡುವ ಸಾಧನ ಬೇಕಿತ್ತು. ಕೂಡಿಡೋಕೆ ಹೊರಟದ್ದು ನೋಡುವ ಸಾಧನ ಆಯಿತು.

1975ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಕೊಡಾಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವ್ ಸ್ಯಾಸನ್ ಸಿಸಿಡಿ ಬಳಸಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಸುಮಾರು ಮೂರೂವರೆ ಕಿಲೋ ತೂಕ. ಚಿತ್ರದ ಅಳತೆ ನೂರು ಚುಕ್ಕಿ ಅಗಲ, ನೂರು ಚುಕ್ಕಿ ಎತ್ತರ. ಆ ಪುಟಾಣಿ ಚಿತ್ರವನ್ನು ಹಾಡಿನ ಕ್ಯಾಸೆಟ್ಟಿನಂಥ ಟೇಪಿನ ಮೇಲೆ ಬರೆಯೋಕೆ 23 ಸೆಕೆಂಡ್ ಬೇಕಾಗಿತ್ತು. 1991ರಲ್ಲಿ ಅದೇ ಕಂಪನಿ ಪತ್ರಿಕಾ ಛಾಯಾಗ್ರಾಹಕರಿಗಾಗಿ ಮಾರಿದ ಡಿಸಿಎಸ್ ಕ್ಯಾಮೆರಾದ ಜೊತೆ 200 ಎಂಬಿಯ ಡಿಸ್ಕ್ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಓಡಾಡಬೇಕಿತ್ತು. ಕುಗ್ಗಿಸದೆ ಇಟ್ಟರೆ ಅದರಲ್ಲಿ 156 ಚಿತ್ರ ಹಿಡಿಯುತ್ತಿತ್ತು. ಹುಟ್ಟಿದ ದಿನದಿಂದಲೂ ಡಿಜಿಟಲ್ ಚಿತ್ರಕ್ಕೆ ತೆಗೆಯೋದಕ್ಕಿಂತ ಇಡೋದೇ ದೊಡ್ಡ ತಲೆನೋವು.

ಕೈಯಲ್ಲಿ ಇಟ್ಟುಕೊಳ್ಳುವ ದಾರಿ

ತೊಂಬತ್ತರ ದಶಕದ ಕೊನೆಯಲ್ಲಿ ವೈ2ಕೆ ಕೆಲಸಕ್ಕೆಂದು ಬಂದ ಕನ್ನಡಿಗರಲ್ಲಿ ಹಲವರು ಫಿಲಂ ಕ್ಯಾಮೆರಾದ ಜೊತೆಗೇ ವಿಮಾನ ಇಳಿದವರು. ಆಮೇಲೆ ಫ್ಲಾಪಿ, ಜಿಪ್ ಡಿಸ್ಕ್, ಸಿಡಿ, ಡಿವಿಡಿ, ಪೆನ್ ಡ್ರೈವ್, ಹಾರ್ಡ್ ಡಿಸ್ಕ್ ಒಂದಾದ ಮೇಲೊಂದು ಬಂದವು. 2010ರಲ್ಲಿ ಎಡಿಸನ್‌ನಲ್ಲಿ ಅಕ್ಕ ಸಮ್ಮೇಳನ ನಡೆದಾಗ ಪುಟ್ಟ ಡಿಜಿಟಲ್ ಕ್ಯಾಮೆರಾ ಕೈಯಲ್ಲಿ ಹಿಡಿದು ಹೋದವರು ಈ ಸಂಚಿಕೆಯ ಓದುಗರಲ್ಲಿ ಎಷ್ಟೋ ಜನ ಇದ್ದೀರಿ. ಆ ಮೆಮೊರಿ ಕಾರ್ಡ್ ಈಗ ಯಾವ ಡ್ರಾಯರ್‌ನಲ್ಲಿದೆ ಅಂತ ಒಮ್ಮೆ ಯೋಚಿಸಿ.

ಕೈಯಲ್ಲಿರೋ ವಸ್ತುವಿಗೆ ಒಳ್ಳೆಯ ಗುಣಗಳಿವೆ. ತಿಂಗಳ ಬಾಡಿಗೆ ಇಲ್ಲ. ಇಂಟರ್ನೆಟ್ ಬೇಕಿಲ್ಲ. ತಂತಿ ಕಿತ್ತು ಬೀರುವಿನಲ್ಲಿಟ್ಟ ಡಿಸ್ಕ್‌ಗೆ ಯಾವ ಹ್ಯಾಕರ್ ಕೂಡ ಕೈ ಹಾಕಲಾರ. ಆದರೆ ವಸ್ತು ಅಂದ ಮೇಲೆ ಸವೆತ ಇದ್ದದ್ದೇ. ಬರೆಯುವ ಸಿಡಿಯಲ್ಲಿ ಮಾಹಿತಿ ಇರೋದು ಒಂದು ಬಣ್ಣದ ಪದರದಲ್ಲಿ, ಬಿಸಿಲು ಸೆಖೆಗೆ ಅದು ಮಾಸುತ್ತೆ. ಹಾರ್ಡ್ ಡಿಸ್ಕ್ ಒಳಗೆ ತಿರುಗುವ ಯಂತ್ರ ಇದೆ, ಕೆಳಗೆ ಬಿದ್ದರೆ ಕೆಟ್ಟಿತು. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಚೆನ್ನಾಗಿ ನೋಡಿಕೊಂಡ ಡಿಸ್ಕ್‌ಗಳಲ್ಲೇ ವರ್ಷಕ್ಕೆ ನೂರಕ್ಕೆ ಒಂದೆರಡು ಕೆಡುತ್ತವೆ. ಪೆನ್ ಡ್ರೈವ್, ಎಸ್‌ಎಸ್‌ಡಿಗಳಲ್ಲಿ ಮಾಹಿತಿ ನಿಂತಿರೋದು ವಿದ್ಯುತ್ ಕಣಗಳ ಮೇಲೆ. ವರ್ಷಗಟ್ಟಲೆ ಕರೆಂಟ್ ಕೊಡದೆ ಇಟ್ಟರೆ ಅದೂ ನಿಧಾನವಾಗಿ ಸೋರುತ್ತೆ.

ಅದಕ್ಕಿಂತ ದೊಡ್ಡ ಅಪಾಯ ಜಾಗದ್ದು. ಇಲ್ಲಿ ನಮ್ಮ ಅಟ್ಟ ಅಂದ್ರೆ ಬೇಸ್‌ಮೆಂಟ್. ಹಳೇ ಆಲ್ಬಂ, ಮದುವೆ ಕ್ಯಾಸೆಟ್, ಹಳೇ ಲ್ಯಾಪ್‌ಟಾಪ್ ಎಲ್ಲಾ ಕೆಳಗೆ ಇಳಿಸಿಬಿಡ್ತೀವಿ. ಆದರೆ ನಾವಿರೋದು ರ್‍ಯಾರಿಟನ್ ನದಿಯ ಮಗ್ಗುಲಲ್ಲಿ. 1999ರ ಸೆಪ್ಟೆಂಬರ್‌ನಲ್ಲಿ ಫ್ಲಾಯ್ಡ್ ಚಂಡಮಾರುತ ಬಂದಾಗ ಪಕ್ಕದ ಬೌಂಡ್ ಬ್ರೂಕ್, ಮ್ಯಾನ್‌ವಿಲ್ ಮುಳುಗಿದವು. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಮಳೆ ಸುರಿದಾಗ ಬ್ರಿಡ್ಜ್‌ವಾಟರ್‌ನ ಬೇಸ್‌ಬಾಲ್ ಮೈದಾನವೇ ಕೆರೆಯಾಗಿತ್ತು. ಆ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅಂಥ ರಾತ್ರಿ ಬೇಸ್‌ಮೆಂಟ್‌ನಲ್ಲಿ ಇಟ್ಟ ಡಿಸ್ಕ್ ಒಂದಿದ್ದರೂ ಹತ್ತಿದ್ದರೂ ಲೆಕ್ಕ ಒಂದೇ.

ಬ್ಯಾಂಕ್ ಲಾಕರ್ ಆದರೆ? ಅದಕ್ಕೂ ನ್ಯೂಯಾರ್ಕ್‌ನಲ್ಲಿ ನೋವಿನ ಉದಾಹರಣೆ ಇದೆ. ಅಧ್ಯಕ್ಷ ಕೆನಡಿ ಅವರ ಕುಟುಂಬದ ಆಪ್ತ ಚಿತ್ರಗಳನ್ನು ತೆಗೆದ ಜಾಕ್ ಲೋ ಎಂಬ ಛಾಯಾಗ್ರಾಹಕರು ತಮ್ಮ 40,000ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬ್ಯಾಂಕಿನ ಭದ್ರ ಕೋಣೆಯಲ್ಲಿ ಇಟ್ಟಿದ್ದರು. ಅದಕ್ಕಿಂತ ಸುರಕ್ಷಿತ ಜಾಗ ಯಾವುದಿದ್ದೀತು? ಆ ಬ್ಯಾಂಕ್ ಇದ್ದದ್ದು 5 ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ. ಲೋ 2001ರ ಮೇ ತಿಂಗಳಲ್ಲಿ ತೀರಿಕೊಂಡರು, ನೆಗೆಟಿವ್‌ಗಳು ಅದೇ ವರ್ಷ ಸೆಪ್ಟೆಂಬರ್ 11ರಂದು ನಾಶವಾದವು. ಕೊನೆಗೆ ಉಳಿದದ್ದು ಬೇರೆ ಕಟ್ಟಡದಲ್ಲಿ ಇದ್ದ ಕಾಂಟ್ಯಾಕ್ಟ್ ಶೀಟ್‌ಗಳು, ಅಂದ್ರೆ ನೆಗೆಟಿವ್ ಅಳತೆಯಲ್ಲೇ ಹಾಕಿದ ಸಣ್ಣ ಪ್ರಿಂಟ್‌ಗಳ ಹಾಳೆಗಳು. ಅವುಗಳಿಂದಲೇ ಚಿತ್ರಗಳನ್ನು ಸರಿಪಡಿಸಿ 2013ರಲ್ಲಿ ವಾಷಿಂಗ್ಟನ್‌ನಲ್ಲಿ ಪ್ರದರ್ಶನಕ್ಕೆ ಇಟ್ಟರು. ಮೂಲದಷ್ಟು ಚೆನ್ನಾಗಿಲ್ಲದ ಎರಡನೇ ಪ್ರತಿ, ಬೇರೆ ಜಾಗದಲ್ಲಿ ಇದ್ದ ಒಂದೇ ಕಾರಣಕ್ಕೆ ಮಾನ ಉಳಿಸಿತು.

ಮೋಡದ ಬಾಡಿಗೆ ಮನೆ

ಹಾಗಾದರೆ ಕ್ಲೌಡ್‌ಗೆ ಹೋಗೋಣ. ಇಲ್ಲಿನ ಇತಿಹಾಸ ಕೇವಲ ಇಪ್ಪತ್ತು ಚಿಲ್ಲರೆ ವರ್ಷದ್ದು, ಆದರೆ ಮನೆ ಬದಲಾಯಿಸಿದ ಲೆಕ್ಕ ನೋಡಿ. ಯಾಹೂ ಫೋಟೋಸ್ 2007ರಲ್ಲಿ ಮುಚ್ಚಿತು. ಡಿಜಿಟಲ್ ಕ್ಯಾಮೆರಾ ಹುಟ್ಟಿಸಿದ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಅದೇ ಬೇಸಿಗೆಯಲ್ಲಿ ಕೊಡಾಕ್ ಗ್ಯಾಲರಿ ಮುಚ್ಚಿ ಚಿತ್ರಗಳು ಬೇರೆ ಕಂಪನಿಗೆ ಹೋದವು. ನಮ್ಮವರೆಲ್ಲ ಒಂದು ಕಾಲಕ್ಕೆ ಬೀಡುಬಿಟ್ಟಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. 2016ರಲ್ಲಿ ಪಿಕಾಸಾ ನಿಂತಿತು. 2017ರಲ್ಲಿ ಫೋಟೋಬಕೆಟ್ ತನ್ನಲ್ಲಿರುವ ಚಿತ್ರಗಳನ್ನು ಬೇರೆ ಪುಟಗಳಲ್ಲಿ ತೋರಿಸಬೇಕಾದರೆ ವರ್ಷಕ್ಕೆ 399 ಡಾಲರ್ ಕೊಡಿ ಅಂದಿತು. 2018ರಲ್ಲಿ ಫ್ಲಿಕರ್ ಪುಕ್ಕಟೆ ಖಾತೆಗೆ ಸಾವಿರ ಚಿತ್ರದ ಮಿತಿ ಹಾಕಿತು. 2015ರಲ್ಲಿ ಎಷ್ಟು ಬೇಕಾದರೂ ಹಾಕಿ ಅಂದಿದ್ದ ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಹೊಸದಾಗಿ ಹಾಕುವ ಚಿತ್ರಗಳನ್ನು 15 ಜಿಬಿಯ ಲೆಕ್ಕಕ್ಕೆ ಸೇರಿಸಿತು.

ಇದರಲ್ಲಿ ಮೋಸ ಏನಿಲ್ಲ. ಅದು ಬಾಡಿಗೆ ಮನೆ. ಮಾಲೀಕರು ಬಾಡಿಗೆ ಏರಿಸ್ತಾರೆ, ಮನೆ ಮಾರ್ತಾರೆ, ಖಾಲಿ ಮಾಡಿ ಅಂತಲೂ ಹೇಳ್ತಾರೆ. ನಾವು ಅದನ್ನು ಸ್ವಂತ ಮನೆ ಅಂದುಕೊಂಡರೆ ಕಷ್ಟ.

ಇನ್ನೊಂದು ವಿಷಯ. ಮೋಡ ಆಕಾಶದಲ್ಲಿಲ್ಲ. ಅದೂ ಯಾವುದೋ ಕಟ್ಟಡದ ಒಳಗೆ ಇರೋ ಯಂತ್ರವೇ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತದಲ್ಲಿ ಸಮುದ್ರದ ನೀರು ಕೆಳ ಮ್ಯಾನ್‌ಹ್ಯಾಟನ್‌ಗೆ ನುಗ್ಗಿದಾಗ ಡೇಟಾಗ್ರಾಮ್ ಎಂಬ ಡೇಟಾ ಸೆಂಟರ್‌ನ ಬೇಸ್‌ಮೆಂಟ್ ಮುಳುಗಿ, ಹಫಿಂಗ್ಟನ್ ಪೋಸ್ಟ್, ಬಜ್‌ಫೀಡ್‌ನಂಥ ದೊಡ್ಡ ತಾಣಗಳು ನಿಂತುಹೋದವು. ಬ್ರಾಡ್ ಸ್ಟ್ರೀಟ್‌ನ ಇನ್ನೊಂದು ಕಟ್ಟಡದಲ್ಲಿ ಡೀಸೆಲ್ ಪಂಪ್ ನೀರುಪಾಲಾಗಿ, ಜನರೇಟರ್ ನಿಲ್ಲದಿರಲಿ ಅಂತ ನೌಕರರು, ಗಿರಾಕಿಗಳು ಸಾಲಾಗಿ ನಿಂತು ಬಕೆಟ್‌ಗಳಲ್ಲಿ ಡೀಸೆಲ್ಲನ್ನು 17ನೇ ಮಹಡಿಗೆ ಹೊತ್ತರು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್ ಕೂಡ ಅದೇ ಆವರಣದಲ್ಲಿ ಇಟ್ಟಿದ್ದ ಗಿರಾಕಿಗಳು ಎಲ್ಲ ಕಳಕೊಂಡರು. ಲಿಟಲ್ ಫೆರಿಯ ಪಾಠವೇ, 84 ವರ್ಷ ತಡವಾಗಿ.

ಇಷ್ಟಾದರೂ ಕ್ಲೌಡ್ ಬೇಡ ಅನ್ನೋ ಹಾಗಿಲ್ಲ. ದೊಡ್ಡ ಕಂಪನಿಗಳು ಒಂದೊಂದು ಫೈಲಿಗೂ ಹಲವು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡ್ತವೆ. ನಮ್ಮ ಮನೆಗೆ ನೀರು ನುಗ್ಗಿದ ರಾತ್ರಿ ನೂರಾರು ಮೈಲಿ ದೂರದಲ್ಲಿ ಒಂದು ಪ್ರತಿ ಒಣಗಿಯೇ ಇರುತ್ತೆ. ಅತ್ತಿಮಬ್ಬೆ ಇವತ್ತು ಇದ್ದಿದ್ದರೆ ಅದನ್ನೂ ಒಂದು ಪ್ರತಿ ಅಂತ ಲೆಕ್ಕ ಹಿಡಿಯುತ್ತಿದ್ದಳು, ಅದೊಂದನ್ನೇ ನಂಬಿ ಕೂರುತ್ತಿರಲಿಲ್ಲ.

ದೊಡ್ಡ ಫೈಲುಗಳ ಲೆಕ್ಕಾಚಾರ

ಫೋನಿನ ಚಿತ್ರ ಮೂರು ನಾಲ್ಕು ಎಂಬಿ ಇರಬಹುದು. ಒಳ್ಳೆಯ ಕ್ಯಾಮೆರಾದಲ್ಲಿ ರಾ ಫೈಲ್ ತೆಗೆಯುವವರಿಗೆ ಒಂದೊಂದು ಚಿತ್ರವೂ 25 ಎಂಬಿ ಮೇಲೆ. ಒಂದು ಮದುವೆಗೆ ಮೂರು ಸಾವಿರ ಚಿತ್ರ ಅಂದರೆ 75 ಜಿಬಿ. ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಅಂಥ ಆರುನೂರು ಚಿತ್ರ ಹಿಡಿದೀತು, ಮಾಂಗಲ್ಯಧಾರಣೆಗೆ ಮುಂಚೆಯೇ ಜಾಗ ಖಾಲಿ. ಒಂದು ಟಿಬಿಯಷ್ಟು ಹಳೆಯ ಚಿತ್ರಗಳನ್ನು ಮೇಲಕ್ಕೆ ಕಳಿಸಬೇಕು, ಅಪ್‌ಲೋಡ್ ವೇಗ 20 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ, ಹಗಲು ರಾತ್ರಿ ಬಿಡದೆ ಓಡಿದರೂ ನಾಲ್ಕೂವರೆ ದಿನ ಬೇಕು. ವಾಪಸ್ ಇಳಿಸಿಕೊಳ್ಳುವ ದಿನ ಬಂದರೆ ಆ ಕಾಯುವಿಕೆಯೂ ಇದೆ. ಅದಕ್ಕೇ ದೊಡ್ಡ ಫೈಲುಗಳಿಗೆ ಮನೆಯಲ್ಲಿ ಡಿಸ್ಕ್ ಬೇಕೇ ಬೇಕು. ವಾಟ್ಸಾಪ್‌ನಲ್ಲಿ ಊರಿಗೆ ಕಳಿಸಿದ್ದನ್ನು ಮಾತ್ರ ಪ್ರತಿ ಅಂತ ನಂಬಬೇಡಿ, ಅದು ಮಾಮೂಲಿಯಾಗಿ ಚಿತ್ರವನ್ನು ಹಿಂಡಿ ಕುಗ್ಗಿಸಿಯೇ ಕಳಿಸೋದು.

ಪೀಟರ್ ಕ್ರೋ ಎಂಬ ಅಮೆರಿಕನ್ ಛಾಯಾಗ್ರಾಹಕರು 2000ರ ದಶಕದಲ್ಲಿ ತಮ್ಮ ಪುಸ್ತಕದ ಮೂಲಕ ಹೇಳಿಕೊಟ್ಟ 3-2-1 ಸೂತ್ರ ಇವತ್ತಿಗೂ ಎಲ್ಲರೂ ಒಪ್ಪುವಂಥದ್ದು. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಮನೆಯಿಂದ ದೂರ. ನಮ್ಮಂಥ ವಲಸಿಗರಿಗೆ ಇದರಲ್ಲಿ ಒಂದು ಅನುಕೂಲ ಇದೆ, ಎರಡು ಖಂಡಗಳಲ್ಲಿ ಮನೆ ಇದೆ! ಮೈಸೂರಿನಲ್ಲೋ ಧಾರವಾಡದಲ್ಲೋ ಅಪ್ಪ ಅಮ್ಮನ ಮನೆಯ ಬೀರುವಿನಲ್ಲಿ ಪಾಸ್‌ವರ್ಡ್ ಹಾಕಿ ಬೀಗ ಜಡಿದ ಒಂದು ಡಿಸ್ಕ್ ಇಡಿ. ಪ್ರತಿ ಸಲ ರಜಕ್ಕೆ ಹೋದಾಗ ಹೊಸದನ್ನು ಇಟ್ಟು ಹಳೆಯದನ್ನು ತನ್ನಿ. ಬರುವಾಗ ಅಲ್ಲಿನ ಹಳೇ ಆಲ್ಬಂಗಳನ್ನು ಸ್ಕ್ಯಾನ್ ಮಾಡಿ ಅದರಲ್ಲಿ ತುಂಬಿಕೊಂಡು ಬನ್ನಿ.

ಇನ್ನೆರಡು ಎಚ್ಚರ. ಫೋನಿಗೂ ಕ್ಲೌಡ್‌ಗೂ ಸಿಂಕ್ ಆಗಿದ್ದರೆ ಅದು ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತೆ. ಹಾಗೆಯೇ ಒಂದು ಸಲ ತುಂಬಿಟ್ಟ ಡಿಸ್ಕ್ ಶಾಶ್ವತ ಅಲ್ಲ. ದೇವಸ್ಥಾನಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ಕುಂಭಾಭಿಷೇಕ ಮಾಡಿ ಜೀರ್ಣವಾದದ್ದನ್ನು ಸರಿಪಡಿಸ್ತೀವಲ್ಲ, ಕಲ್ಲಿನ ಕಟ್ಟಡಕ್ಕೇ ಅದು ಬೇಕು ಅಂದ ಮೇಲೆ ಡಿಸ್ಕ್‌ಗೆ ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕ್ ಬೇಕು. ವರ್ಷಕ್ಕೊಮ್ಮೆ ತೆಗೆದು ನಾಲ್ಕು ಚಿತ್ರ ತೆರೆದು ನೋಡಿ.

ಹೆಸರು ಮತ್ತು ಬೀಗದ ಕೈ

ಫೈಲ್ ಉಳಿದರೆ ಸಾಲದು. ಹಳೆಯ ಕಪ್ಪು ಬಿಳುಪು ಫೋಟೋ ಹಿಂದೆ ತಿರುಗಿಸಿದರೆ ಅಮ್ಮನ ಕೈಬರಹ ಇರುತ್ತಿತ್ತು: ಯಾರ ಮದುವೆ, ಯಾವ ಊರು, ಬಲಗಡೆಯಿಂದ ಮೂರನೆಯವರು ಯಾರು. ಈಗಿನ ಫೋಟೋ ಹಿಂದೆ ಇರೋದು ಐಎಂಜಿ ಅನ್ನೋ ಮೂರಕ್ಷರ ಮತ್ತು ಒಂದು ನಂಬರ್. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಸೋದರಮಾವನ ಮುಖ ಯಾವುದು, ದೊಡ್ಡಪ್ಪನ ಮುಖ ಯಾವುದು ಅಂತ ಹೇಳುವವರು ಇನ್ನು ಎಷ್ಟು ದಿನ ಇರ್ತೀವಿ? ಹತ್ತು ಸಾವಿರ ಅನಾಮಧೇಯ ಚಿತ್ರಕ್ಕಿಂತ ಹೆಸರು, ಊರು, ವರ್ಷ ಬರೆದ ನೂರು ಚಿತ್ರ ಮೇಲು. ಫೋಲ್ಡರ್‌ಗೆ ಹೆಸರು ಕೊಡುವಾಗ ಜೊತೆಗೆ ಒಂದು ಸಾದಾ ಪಠ್ಯ ಫೈಲ್‌ನಲ್ಲಿ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ನಾಲ್ಕು ಸಾಲು ಬರೆದಿಡಿ.

ಕೊನೆಯದಾಗಿ ಬೀಗದ ಕೈ. ಅಟ್ಟದ ಟ್ರಂಕಿಗೆ ಬೀಗ ಇದ್ದರೆ ಒಡೆಯಬಹುದಿತ್ತು. ಕ್ಲೌಡ್ ಖಾತೆಯ ಪಾಸ್‌ವರ್ಡ್ ಒಬ್ಬರ ತಲೆಯಲ್ಲೇ ಇದ್ದು ಅವರು ಹೋಗಿಬಿಟ್ಟರೆ ಮನೆಯವರು ಕಂಪನಿಯ ಬಾಗಿಲು ತಟ್ಟುತ್ತಾ ನಿಲ್ಲಬೇಕು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಶುರು ಮಾಡಿದೆ. ನಾವಿಲ್ಲದಾಗ ಖಾತೆ ಯಾರಿಗೆ ಹೋಗಬೇಕು ಅಂತ ಮೊದಲೇ ಹೇಳಿಡುವ ಸೌಲಭ್ಯ ಗೂಗಲ್‌ನಲ್ಲಿ 2013ರಿಂದ, ಆಪಲ್‌ನಲ್ಲಿ 2021ರಿಂದ ಇದೆ. ತೀರಿಕೊಂಡವರ ಡಿಜಿಟಲ್ ಆಸ್ತಿಯ ಬಗ್ಗೆ ನ್ಯೂಜೆರ್ಸಿ ಕೂಡ 2017ರಲ್ಲಿ ಕಾನೂನು ಮಾಡಿದೆ. ಅದರಲ್ಲಿ ಮೊದಲ ಮಾನ್ಯತೆ ನೀವು ಖಾತೆಯಲ್ಲೇ ಗುರುತು ಮಾಡಿಟ್ಟ ಹೆಸರಿಗೆ, ಆಮೇಲೆ ವಿಲ್‌ನಲ್ಲಿ ಬರೆದದ್ದಕ್ಕೆ. ಎರಡೂ ಇಲ್ಲದಿದ್ದರೆ ಕಂಪನಿಯ ನಿಯಮವೇ ಕಾನೂನು.

ಹಾಗಾಗಿ ಈ ಸಂಚಿಕೆ ಓದಿ ಮುಗಿಸಿದ ವಾರಾಂತ್ಯ ಮೂರು ಕೆಲಸ ಮಾಡಿ. ಬೇಸ್‌ಮೆಂಟ್‌ನಲ್ಲಿರೋ ಡಿಸ್ಕ್, ಸಿಡಿ, ಆಲ್ಬಂಗಳನ್ನು ಮೇಲಿನ ಮಹಡಿಗೆ ತನ್ನಿ. ಇನ್ನೊಂದು ಡಿಸ್ಕ್ ಕೊಂಡು ಒಂದು ಪ್ರತಿ ಮಾಡಿ ಗೆಳೆಯರ ಮನೆಯಲ್ಲಿಡಿ, ಅವರದ್ದನ್ನು ನೀವು ಇಟ್ಟುಕೊಳ್ಳಿ. ನಿಮ್ಮ ಖಾತೆಗೆ ವಾರಸುದಾರರ ಹೆಸರು ಸೇರಿಸಿ. ಆಮೇಲೆ ಅಪ್ಪನಿಗೋ ಅತ್ತೆಗೋ ವಿಡಿಯೋ ಕಾಲ್ ಮಾಡಿ, ಹಳೇ ಫೋಟೋ ಒಂದೊಂದಾಗಿ ತೋರಿಸಿ, ಯಾರು ಯಾರು ಅಂತ ಕೇಳಿ ಬರಕೊಳ್ಳಿ. ಡಿಸ್ಕ್ ಅಂಗಡಿಯಲ್ಲಿ ಯಾವತ್ತು ಬೇಕಾದರೂ ಸಿಗುತ್ತೆ, ಆ ಹೆಸರುಗಳು ಅವರ ಹತ್ತಿರ ಮಾತ್ರ ಇರೋದು.